ನಿಮ್ಮ ಪುಸ್ತಕ ಯಾರ ಪೈಕಿ?

ನಮ್ಮ ಮನೆಗಳಲ್ಲಿ ರಿಶ್ತಾ ಮಾತು ಶುರುವಾದರೆ ಹುಡುಗನ ಓದು, ಸಂಬಳ ಎಲ್ಲ ಆಮೇಲೆ. ಮೊದಲು ಬರುವ ಪ್ರಶ್ನೆ 'ಯಾರ ಪೈಕಿ?' ಗೊತ್ತಿರುವ ಒಂದು ಮನೆಯ ಹೆಸರು ಬಿದ್ದರೆ ಸಾಕು, ಕೇಳಿದವರ ಮುಖ ಅರಳುತ್ತದೆ, ಮಾತು ಮುಂದುವರಿಯುತ್ತದೆ. ಯಾವ ಹೆಸರೂ ಸಿಗದಿದ್ದರೆ ಚಹಾ ಕುಡಿದು ಎದ್ದು ಹೋಗುತ್ತಾರೆ. ಪುಸ್ತಕಗಳ ಲೋಕದಲ್ಲೂ ಇದೇ ಪ್ರಶ್ನೆ ನಡೆಯುತ್ತದೆ ಎಂದು ನನಗೆ ಗೊತ್ತಾದದ್ದು ಈ ವರ್ಷ.

ಕಾದಂಬರಿ ಬರೆದು ಮುಗಿಸಿದವರು ಪ್ರಕಾಶಕರ ಬಳಿ ಹೋದರೆ, ಅವರು ಮುನ್ನೂರು ಪುಟವನ್ನು ಕೂಡಲೇ ಓದಲು ಕೂರುವುದಿಲ್ಲ. 'ಯಾವ ಥರದ್ದು? ಯಾರ ಪುಸ್ತಕದ ಹಾಗಿದೆ?' ಎಂದು ಕೇಳುತ್ತಾರೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ಇದೊಂದು ಪದ್ಧತಿಯೇ ಆಗಿದೆ. ಅಲ್ಲಿ ಲೇಖಕರು ಸಾಮಾನ್ಯವಾಗಿ ಮೊದಲು ಲಿಟರರಿ ಏಜೆಂಟರಿಗೆ ಒಂದು ಪುಟದ ಪತ್ರ ಬರೆಯುತ್ತಾರೆ. ಕಥೆಯ ಸಾರದ ಜೊತೆಗೆ ತಮ್ಮ ಕಾದಂಬರಿಗೆ ಹತ್ತಿರವಾದ ಎರಡು ಮೂರು ಪುಸ್ತಕಗಳ ಹೆಸರನ್ನೂ ಅದರಲ್ಲಿ ಹೇಳುತ್ತಾರೆ. ಇವಕ್ಕೆ ಕಾಂಪ್ ಟೈಟಲ್ ಅನ್ನುತ್ತಾರೆ. ನಾವು ಹೋಲಿಕೆ ಪುಸ್ತಕ ಅನ್ನೋಣ. ಆ ಪುಸ್ತಕಗಳು ಈಚಿನ ನಾಲ್ಕೈದು ವರ್ಷಗಳಲ್ಲಿ ಬಂದಿದ್ದರೆ ಒಳ್ಳೆಯದು. ತೀರಾ ಜಗತ್ಪ್ರಸಿದ್ಧವಾಗಿರಬಾರದು. ಅದನ್ನು ಓದಿ ಮೆಚ್ಚಿದವರು ಇದನ್ನೂ ಕೊಂಡು ಓದುತ್ತಾರೆ ಎಂಬ ನಂಬಿಕೆ ಬರಬೇಕು. ಕನ್ನಡದಲ್ಲಿ ಏಜೆಂಟರ ಪದ್ಧತಿ ಬೆಳೆದಿಲ್ಲ. ಲೇಖಕರೇ ಪ್ರಕಾಶಕರಿಗೆ ಫೋನ್ ಮಾಡುತ್ತಾರೆ, ಇಲ್ಲವೇ ಪರಿಚಯದವರ ಮೂಲಕ ಹಸ್ತಪ್ರತಿ ಕಳಿಸುತ್ತಾರೆ. ಆದರೆ ಕೇಳುವ ಪ್ರಶ್ನೆ ಮಾತ್ರ ಅದೇ.

ಪ್ರಶ್ನೆಯಲ್ಲಿ ತಪ್ಪೇನಿಲ್ಲ ಎಂದೇ ನಾನು ಹೇಳುತ್ತೇನೆ. ನಮ್ಮವರ ಕೃತಿಗೆ ಅದರ ಉತ್ತರವನ್ನು ಲೇಖಕರ ಹೆಸರು ನೋಡಿ ಹುಡುಕುತ್ತಾರಲ್ಲ, ನನ್ನ ತಕರಾರು ಅದರ ಬಗ್ಗೆ.

ನನ್ನ ಖಾಲಾ ಕನ್ನಡ ಮಾಧ್ಯಮದಲ್ಲಿ ಓದಿದವರು. ಗುರಪ್ಪನಪಾಳ್ಯದಲ್ಲಿ ಮನೆಯಲ್ಲೇ ಟೈಲರಿಂಗ್ ಮಾಡುತ್ತಾರೆ. ನಾಲ್ಕು ವರ್ಷ ರಾತ್ರಿ ಹೊತ್ತು ಕೂತು ಒಂದು ಕಾದಂಬರಿ ಬರೆದಿದ್ದಾರೆ. ಅದು ಲೀಸ್ ಮನೆಗಳ ಕಥೆ. ಬೆಂಗಳೂರಿನಲ್ಲಿ ಲೀಸ್ ಅಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಇಡಿಗಂಟು ಹಣ ಮಾಲೀಕರಿಗೆ ಕೊಡಬೇಕು, ತಿಂಗಳ ಬಾಡಿಗೆ ಇಲ್ಲ, ಅವಧಿ ಮುಗಿದ ಮೇಲೆ ಹಣ ವಾಪಸ್. ವಾಪಸ್ ಬಂದರೆ ಸರಿ, ಬರದಿದ್ದರೆ ಮನೆಯವರೆಲ್ಲರ ನಿದ್ದೆ ಹಾಳು. ಖಾಲಾ ಬರೆದ ಕುಟುಂಬ ಇಪ್ಪತ್ತು ವರ್ಷದಲ್ಲಿ ಒಂಬತ್ತು ಮನೆ ಬದಲಿಸುತ್ತದೆ. ತಿಲಕನಗರದಿಂದ ಗುರಪ್ಪನಪಾಳ್ಯ, ಅಲ್ಲಿಂದ ಯಾರಬ್ ನಗರ, ಕೊನೆಗೆ ಇಲಿಯಾಸ್ ನಗರ. ಅಪ್ಪ ಸೋಫಾ ರಿಪೇರಿ ಮಾಡುವವರು. ಪ್ರತಿ ಮನೆಯಲ್ಲೂ ಅಮ್ಮ ಗೋಡೆಗೆ ಮೊಳೆ ಹೊಡೆಯಲು ಹೆದರುತ್ತಾಳೆ, ಮಾಲೀಕರು ಬೈದಾರು ಎಂದು. ಓದುವಾಗ ನನಗೆ ನಮ್ಮ ಮನೆಯದ್ದೇ ಕಥೆ ಅನ್ನಿಸಿತು. ನಿಮ್ಮಲ್ಲಿ ಅನೇಕರಿಗೂ ಹಾಗೇ ಅನ್ನಿಸಬಹುದು.

ಖಾಲಾ ಒಬ್ಬ ಪ್ರಕಾಶಕರಿಗೆ ಫೋನ್ ಮಾಡಿ ತಮ್ಮ ಹೆಸರು ಹೇಳಿದರು. ಕಥೆ ಏನೆಂದು ಹೇಳುವ ಮೊದಲೇ ಆ ಕಡೆಯಿಂದ ಬಂದ ಮಾತು: 'ಓ, ಬಾನು ಮುಷ್ತಾಕ್ ಅವರ ಥರದ್ದಾ ಮೇಡಂ? ಈಗ ಅದಕ್ಕೆ ಡಿಮ್ಯಾಂಡ್ ಇದೆ. ತಲಾಖ್ ವಿಷಯ ಬರುತ್ತಲ್ಲ?' ಖಾಲಾಳ ಕಾದಂಬರಿಯಲ್ಲಿ ತಲಾಖೇ ಇಲ್ಲ. ಗಂಡ ಹೆಂಡತಿ ಜಗಳವಾಡುತ್ತಾರೆ, ಅದೂ ಅಡ್ವಾನ್ಸ್ ಹಣದ ವಿಷಯಕ್ಕೆ. ಆ ರಾತ್ರಿ ಖಾಲಾ ಅಮ್ಮಿಯನ್ನು ಕೇಳಿದರು: 'ದೊಡ್ಡ ಮಗಳಿಗೆ ಹತ್ತನೇ ಅಧ್ಯಾಯದಲ್ಲಿ ತಲಾಖ್ ಕೊಡಿಸಿಬಿಡಲಾ?'

ಅವರು ತಮಾಷೆಗೆ ಕೇಳಿದ್ದಲ್ಲ. ನಾಲ್ಕು ವರ್ಷದ ಕೆಲಸ ಕಪಾಟಿನಲ್ಲಿ ಕೊಳೆಯುವ ಬದಲು ಒಂದು ಅಧ್ಯಾಯ ಸೇರಿಸಿದರೆ ಅಚ್ಚಾಗುತ್ತದಲ್ಲ ಎಂಬ ಲೆಕ್ಕ ಅದು. ನನಗೆ ಭಯವಾದದ್ದು ಇಲ್ಲೇ. ಬರೆದ ಪುಸ್ತಕಕ್ಕೆ ತಕ್ಕ ಹೋಲಿಕೆ ಹುಡುಕಬೇಕು. ಇಲ್ಲಿ ಹೋಲಿಕೆಗೆ ತಕ್ಕಂತೆ ಪುಸ್ತಕವನ್ನೇ ಕತ್ತರಿಸಿ ಹೊಲಿಯುವ ಹಾಗಾಯಿತು. ಟೈಲರ್ ಆದ ಖಾಲಾಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ: ಅಳತೆ ತೆಗೆಯುವುದು ಮೈಯಿಂದ, ಅಂಗಡಿಯಲ್ಲಿ ನೇತುಹಾಕಿದ ಇನ್ನೊಬ್ಬರ ಬಟ್ಟೆಯಿಂದ ಅಲ್ಲ.

ಹಾಗಾದರೆ ಬಾನು ಮುಷ್ತಾಕ್ ಅವರಿಗೆ ಹೋಲಿಸಿದರೆ ಅವಮಾನವೇ? ಖಂಡಿತ ಅಲ್ಲ. ಹಾಸನದ ಈ ಲೇಖಕಿಯ 12 ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' 2025ರ ಮೇ 20ರಂದು ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಮೊದಲ ಸಲ. ಕಥಾಸಂಕಲನವೊಂದಕ್ಕೆ ಬಂದದ್ದೂ ಮೊದಲ ಸಲ. 50,000 ಪೌಂಡ್ ಬಹುಮಾನವನ್ನು ಲೇಖಕಿ, ಅನುವಾದಕಿ ಸಮನಾಗಿ ಹಂಚಿಕೊಂಡರು. ಆ ವಾರ ನಮಗೆಲ್ಲ ಎಷ್ಟು ಹೆಮ್ಮೆಯಾಯಿತೆಂದು ನೆನಪಿಸಿಕೊಳ್ಳಿ. ಆದರೆ ಹೆಮ್ಮೆ ಒಂದು ವಿಷಯ, ಹೋಲಿಕೆ ಇನ್ನೊಂದು. ಬಾನು ಅವರ ಕಥೆಗಳಲ್ಲಿ ಹೆಣ್ಣು ತನ್ನ ಮನೆಯ, ಮೊಹಲ್ಲಾದ ಗಂಡಸರ ಅಧಿಕಾರದ ಎದುರು ನಿಲ್ಲುತ್ತಾಳೆ. ಅದರ ಹಿಂದೆ ಅವರ ವಕೀಲಿಕೆ, ಪತ್ರಿಕಾ ಬರವಣಿಗೆ, ಹೋರಾಟ ಇವೆ. ಖಾಲಾಳ ಕಾದಂಬರಿಯಲ್ಲಿ ಒಂದು ಇಡೀ ಕುಟುಂಬ ನಗರದ ಬಾಡಿಗೆ ಮಾರುಕಟ್ಟೆಯ ಎದುರು ನಿಲ್ಲುತ್ತದೆ. ಬಾನು ಅವರ ಕಥೆಯ ಕಿಚ್ಚನ್ನು ಹುಡುಕಿಕೊಂಡು ಬಂದ ಓದುಗರಿಗೆ ಲೀಸ್ ಅಗ್ರಿಮೆಂಟಿನ ಕಥೆ ಸಿಕ್ಕಿದರೆ ಅವರಿಗೆ ನಿರಾಸೆ, ಪುಸ್ತಕಕ್ಕೆ ಅನ್ಯಾಯ.

ಸಾರಾ ಅಬೂಬಕ್ಕರ್ ಅವರ ಹೆಸರನ್ನೂ ಹೀಗೇ ಹೇಳುತ್ತಾರೆ. ಅವರ 'ಚಂದ್ರಗಿರಿಯ ತೀರದಲ್ಲಿ' ನಾದಿರಾ ಎಂಬ ಹೆಣ್ಣಿನ ಮದುವೆ, ತಲಾಖ್‌ಗಳ ಕಥೆ. ಕಾಸರಗೋಡಿನ ಚಂದ್ರಗಿರಿ ನದಿಯ ದಡ, ಮಲಯಾಳ ಮಾತಾಡುವ ಮನೆಗಳು, ಕರಾವಳಿಯ ಬದುಕು. ನಮ್ಮ ಮನೆಮಾತು ದಖ್ನಿ. ಊಟ ಬೇರೆ, ಬೈಗುಳ ಬೇರೆ, ಮದುವೆಯ ಶಾಸ್ತ್ರಗಳೂ ಬೇರೆ. ಬೊಳುವಾರು ಮಹಮದ್ ಕುಂಞಿ ಅವರು ಮುತ್ತುಪ್ಪಾಡಿ ಎಂಬ ಊರನ್ನೇ ಕಲ್ಪಿಸಿ ಅದರ ಸುತ್ತ ಕಥೆಗಳನ್ನು ಬರೆದರು. 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ 'ಸ್ವಾತಂತ್ರ್ಯದ ಓಟ' ಸಾವಿರ ಪುಟ ದಾಟಿದ ಕಾದಂಬರಿ, ದೇಶ ವಿಭಜನೆಯ ಕಾಲದಿಂದ ಶುರುವಾಗುವ ಕಥೆ. ಕೊಡಗಿನ ಅಬ್ದುಲ್ ರಶೀದ್ ಅವರ ಗದ್ಯದ ತುಂಟತನವೇ ಬೇರೆ. ನಮ್ಮ ಬನಶಂಕರಿಯ ಪಕ್ಕದ ಪದ್ಮನಾಭನಗರದಲ್ಲಿದ್ದ ಕೆ.ಎಸ್. ನಿಸಾರ್ ಅಹಮದ್ ಭೂವಿಜ್ಞಾನ ಪಾಠ ಮಾಡುತ್ತ 'ನಿತ್ಯೋತ್ಸವ' ಬರೆದವರು. ಇವರೆಲ್ಲರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ 'ಮುಸ್ಲಿಂ ಲೇಖಕರು' ಎಂದು ಬರೆದರೆ, ಅವರನ್ನು ಓದಿಲ್ಲ ಎಂದಷ್ಟೇ ಗೊತ್ತಾಗುತ್ತದೆ.

ಬೆಂಗಳೂರಿನ ಕುಟುಂಬದ ಕಥೆ ಬರೆದ ಬೇರೆಯವರನ್ನು ಯಾರೂ ಅವರ ಜಾತಿಯ ಲೇಖಕರ ಜೊತೆ ಮಾತ್ರ ಹೋಲಿಸುವುದಿಲ್ಲ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಶ್ರೀನಾಥ್ ಪೇರೂರರ ಅನುವಾದದಲ್ಲಿ ಹೊರದೇಶಗಳಿಗೆ ಹೋದಾಗ ಅಲ್ಲಿಯವರು ನೆನೆದದ್ದು ರಷ್ಯಾದ ಚೆಕಾಫ್‌ನನ್ನು. ಗೋಕರ್ಣದ ಜಯಂತ ಕಾಯ್ಕಿಣಿ ಮುಂಬೈ ಕಥೆಗಳನ್ನು ಬರೆದರೆ ಅವರನ್ನು ಮುಂಬೈ ಬರೆದವರ ಜೊತೆ ಇಟ್ಟು ನೋಡುತ್ತೇವೆ. ಆ ಸ್ವಾತಂತ್ರ್ಯ ಗುರಪ್ಪನಪಾಳ್ಯದ ಹೆಂಗಸಿಗೂ ಇರಬೇಕಲ್ಲ.

ಹಾಗಾಗಿ ನಾನು, ಖಾಲಾ ಮತ್ತು ಡಿಗ್ರಿ ಓದುವ ನನ್ನ ಅಣ್ಣ ಮೂವರೂ ಸೇರಿ ಹೋಲಿಕೆ ಪುಸ್ತಕಗಳನ್ನು ನಾವೇ ಹುಡುಕಲು ಕೂತೆವು. ನಾವು ನಡೆದ ದಾರಿ ಇನ್ನೊಬ್ಬರಿಗೆ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾದಂಬರಿಯಿಂದ ಹೆಸರು, ಧರ್ಮ, ಊರು ಮೂರನ್ನೂ ತೆಗೆದು ಒಂದೇ ವಾಕ್ಯದಲ್ಲಿ ಕಥೆ ಹೇಳಿಕೊಂಡೆವು: 'ಸ್ವಂತ ಮನೆಯಿಲ್ಲದ ಒಂದು ಕುಟುಂಬ ದೊಡ್ಡ ನಗರದಲ್ಲಿ ಮನೆಯಿಂದ ಮನೆಗೆ ಹೋಗುತ್ತದೆ, ಪ್ರತಿ ಮನೆ ಅವರ ಸಂಬಂಧಗಳನ್ನು ಸ್ವಲ್ಪ ಬದಲಿಸುತ್ತದೆ.' ಆಮೇಲೆ ಮೂರು ಪ್ರಶ್ನೆ. ಇದೇ ವಸ್ತುವನ್ನು ಬೇರೆ ಯಾರು ಬರೆದಿದ್ದಾರೆ? ಇದೇ ರೀತಿಯಲ್ಲಿ, ಅಂದರೆ ಚಿಕ್ಕ ಅಧ್ಯಾಯಗಳಲ್ಲಿ ಹುಡುಗಿಯೊಬ್ಬಳ ಬಾಯಲ್ಲಿ, ಯಾರು ಹೇಳಿದ್ದಾರೆ? ಇದನ್ನು ಕೊಳ್ಳುವ ಓದುಗರು ಈಗ ಏನನ್ನು ಕೊಳ್ಳುತ್ತಿದ್ದಾರೆ?

ಎರಡು ಭಾನುವಾರ ಜಯನಗರದ ಸಪ್ನಾ, ಟೋಟಲ್ ಕನ್ನಡ, ಗಾಂಧಿ ಬಜಾರಿನ ಅಂಕಿತ ಪುಸ್ತಕ ಸುತ್ತಿದೆವು. ಬೆನ್ನುಡಿ, ಮುನ್ನುಡಿ ಓದಿದೆವು. ಕೊಳ್ಳಲು ಹಣ ಇಲ್ಲದ್ದನ್ನು ಬರೆದುಕೊಂಡು ಬಂದು ಗ್ರಂಥಾಲಯಗಳಲ್ಲಿ ಹುಡುಕಿದೆವು. ಮೊದಲ ಪ್ರಶ್ನೆಗೆ ಹತ್ತಿರ ಬಂದದ್ದು 'ಘಾಚರ್ ಘೋಚರ್.' ಬೆಂಗಳೂರಿನ ಕುಟುಂಬ, ಇಕ್ಕಟ್ಟಿನ ಮನೆಯಿಂದ ದೊಡ್ಡ ಮನೆಗೆ ಹೋಗುವುದು, ಹಣ ಬಂದಂತೆ ಮನುಷ್ಯರು ಬದಲಾಗುವುದು. ಅಲ್ಲಿ ಹಣ ಬರುತ್ತದೆ, ಇಲ್ಲಿ ಬರುವುದಿಲ್ಲ. ಆದರೆ ಒಂದನ್ನು ಓದಿದವರಿಗೆ ಇನ್ನೊಂದು ಹಿಡಿಸುತ್ತದೆ. ಮೂರನೇ ಪ್ರಶ್ನೆಗೆ ಕಾಯ್ಕಿಣಿಯವರ ಮುಂಬೈ ಕಥೆಗಳು. ತೇಜಸ್ವಿನಿ ನಿರಂಜನ ಅನುವಾದಿಸಿದ ಅವರ 'ನೋ ಪ್ರೆಸೆಂಟ್ಸ್ ಪ್ಲೀಸ್' 2018ರ ಡಿಎಸ್‌ಸಿ ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಪಡೆದಿದೆ. ನಗರದ ಸಣ್ಣ ಕೆಲಸದವರನ್ನು ಕರುಣೆಗಿಂತ ಹೆಚ್ಚಾಗಿ ಪ್ರೀತಿಯಿಂದ ನೋಡುವ ಓದುಗರು ಕನ್ನಡದಲ್ಲಿದ್ದಾರೆ ಎಂಬುದಕ್ಕೆ ಆ ಕಥೆಗಳೇ ಸಾಕ್ಷಿ.

ಎರಡನೇ ಪ್ರಶ್ನೆಯ ಉತ್ತರ ನಾವು ಊಹಿಸದ ಕಡೆಯಿಂದ ಬಂತು. ಅಣ್ಣನ ಇಂಗ್ಲಿಷ್ ಉಪನ್ಯಾಸಕರು ಸಾಂಡ್ರಾ ಸಿಸ್ನೆರೋಸ್ ಅವರ 'ದಿ ಹೌಸ್ ಆನ್ ಮ್ಯಾಂಗೊ ಸ್ಟ್ರೀಟ್' ಓದಲು ಹೇಳಿದರು. 1984ರಲ್ಲಿ ಬಂದ ಪುಸ್ತಕ. ಅಮೆರಿಕದ ಶಿಕಾಗೊ ನಗರ, ಮೆಕ್ಸಿಕೊ ಮೂಲದ ಕುಟುಂಬ. ಬಾಡಿಗೆ ಮನೆಗಳಲ್ಲಿ ಅಲೆದು ಅಲೆದು ಕೊನೆಗೆ ಒಂದು ಸ್ವಂತ ಮನೆಗೆ ಬರುತ್ತಾರೆ, ಅದು ಅವರು ಕನಸಿದ ಮನೆಯಲ್ಲ. ಎಸ್ಪೆರಾಂಜಾ ಎಂಬ ಹುಡುಗಿ ಚಿಕ್ಕ ಚಿಕ್ಕ ಅಧ್ಯಾಯಗಳಲ್ಲಿ ಹೇಳುತ್ತ ಹೋಗುತ್ತಾಳೆ. ಅವಳ ಮನೆಯವರು ಸ್ಪ್ಯಾನಿಷ್ ಮಾತಾಡುತ್ತಾರೆ, ಪುಸ್ತಕ ಇಂಗ್ಲಿಷಿನಲ್ಲಿದೆ. ಖಾಲಾಳ ಕುಟುಂಬ ದಖ್ನಿ ಮಾತಾಡುತ್ತದೆ, ಪುಸ್ತಕ ಕನ್ನಡದಲ್ಲಿದೆ. ನಾನು ಓದಿ ಅರ್ಥ ಹೇಳುತ್ತ ಹೋದಂತೆ ಖಾಲಾ ಮಿಷನ್ ನಿಲ್ಲಿಸಿ ಕೇಳಿಸಿಕೊಂಡರು. 'ಇವಳು ನಮ್ಮ ಪೈಕಿಯೇ' ಅಂದರು.

ಹೆಸರು ನೋಡಿ ಹುಡುಕಿದ್ದರೆ ಆ ನೆಂಟಸ್ತಿಕೆ ನಮಗೆ ಸಿಗುತ್ತಲೇ ಇರಲಿಲ್ಲ.

ಇದರ ಬಗ್ಗೆ ಎರಡು ಆಕ್ಷೇಪ ಕೇಳಿದ್ದೇನೆ. ಒಂದು, ಇದೆಲ್ಲ ವ್ಯಾಪಾರದ ಮಾತು, ಸಾಹಿತ್ಯಕ್ಕೆ ಹೋಲಿಕೆ ಯಾಕೆ, ಕಥೆ ಚೆನ್ನಾಗಿದ್ದರೆ ಸಾಲದೇ ಎಂಬುದು. ನನ್ನ ಗೆಳತಿಯರೇ ಹೀಗೆ ಕೇಳಿದರು. ಆದರೆ ಪ್ರಕಾಶಕರ ಜಾಗದಲ್ಲಿ ನಿಂತು ನೋಡಿ. ಕನ್ನಡದಲ್ಲಿ ಹೊಸ ಲೇಖಕರ ಪುಸ್ತಕ ಸಾಮಾನ್ಯವಾಗಿ ಐನೂರು, ಹೆಚ್ಚೆಂದರೆ ಸಾವಿರ ಪ್ರತಿ ಅಚ್ಚಾಗುತ್ತದೆ. ಕಾಗದ, ಮುದ್ರಣ, ಮುಖಪುಟ ಎಲ್ಲಕ್ಕೂ ಅವರು ಕೈಯಿಂದ ಹಣ ಹಾಕಬೇಕು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಹಣ ಕೈಸೇರುವವರೆಗೆ ಕಾಯಬೇಕು. 'ಈ ಐನೂರು ಜನ ಯಾರು?' ಎಂದು ಅವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಹೋಲಿಕೆ ಪುಸ್ತಕ ಆ ಪ್ರಶ್ನೆಗೆ ಕೊಡುವ ಮರ್ಯಾದೆಯ ಉತ್ತರ. ಉತ್ತರ ಕೊಡದಿದ್ದರೆ ಅವರೇ ಒಂದು ಊಹೆ ಮಾಡಿಕೊಳ್ಳುತ್ತಾರೆ. ಆ ಊಹೆ ಏನಾಗಿರುತ್ತದೆಂದು ಮೇಲೆ ಹೇಳಿದ್ದೇನೆ.

ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪ. ಹಿಂದೆ ಯಾವ ಪುಸ್ತಕವೂ ಇಲ್ಲದ ವಿಷಯದ ಬಗ್ಗೆ ಬರೆದವರು ಏನು ಮಾಡಬೇಕು? ಸಾರಾ ಅಬೂಬಕ್ಕರ್ 1980ರ ದಶಕದ ಆರಂಭದಲ್ಲಿ ಬರೆಯಲು ಕೂತಾಗ, ಕನ್ನಡದಲ್ಲಿ ಮುಸ್ಲಿಂ ಹೆಣ್ಣೊಬ್ಬಳು ತನ್ನ ಸಮುದಾಯದ ಹೆಣ್ಣಿನ ಬಗ್ಗೆ ಬರೆದ ಕಾದಂಬರಿ ಎಂದು ತೋರಿಸಲು ಅವರ ಮುಂದೆ ಏನಿತ್ತು? ಅವರ ಕಾದಂಬರಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಒಬ್ಬ ಸಂಪಾದಕರು ಓದಿದರು, ಹಾಕಿದರು, ಓದುಗರು ಬಂದರು. ಮುಂದೆ 1994ರಲ್ಲಿ ಸಾರಾ ಅವರು ಚಂದ್ರಗಿರಿ ಪ್ರಕಾಶನ ಎಂದು ತಮ್ಮದೇ ಪ್ರಕಾಶನ ಶುರು ಮಾಡಿದರು. ಬಾನು ಅವರ ಪುಸ್ತಕವನ್ನೇ ನೋಡಿ. ಅದಕ್ಕಿಂತ ಮೊದಲು ಯಾವ ಕಥಾಸಂಕಲನಕ್ಕೂ ಆ ಬೂಕರ್ ಬಂದಿರಲಿಲ್ಲ. ಹಿಂದಿನ ಪಟ್ಟಿಯನ್ನೇ ನೋಡಿಕೊಂಡಿದ್ದರೆ ಶೆಫೀಲ್ಡ್‌ನ 'ಆ್ಯಂಡ್ ಅದರ್ ಸ್ಟೋರೀಸ್' ಎಂಬ ಆ ಸಣ್ಣ ಪ್ರಕಾಶನ ಸಂಸ್ಥೆ ಕನ್ನಡದ ಕಥೆಗಳನ್ನು ಮುಟ್ಟುತ್ತಲೇ ಇರಲಿಲ್ಲ.

ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಹೋಲಿಕೆ ಹೇಳುವುದು ನಿನ್ನೆಯ ಓದುಗರ ಬಗ್ಗೆ, ನಾಳೆಯ ಓದುಗರ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಅದಕ್ಕೇ ಪತ್ರದಲ್ಲಿ ಹೋಲಿಕೆಯ ವಾಕ್ಯದ ಪಕ್ಕದಲ್ಲೇ ವ್ಯತ್ಯಾಸದ ವಾಕ್ಯವನ್ನೂ ಬರೆಯಬೇಕು. ನಾವು ಬರೆದದ್ದು ಹೀಗೆ: 'ಘಾಚರ್ ಘೋಚರ್ ಓದಿದವರಿಗೆ ಇಲ್ಲಿನ ಕುಟುಂಬ ಪರಿಚಿತ ಅನ್ನಿಸಬಹುದು. ಆದರೆ ಇದು ಹಣ ಬಾರದ ಮನೆಯ ಕಥೆ, ಬೆಂಗಳೂರಿನ ಲೀಸ್ ಮನೆಗಳ ಕಥೆ. ದಕ್ಷಿಣ ಬೆಂಗಳೂರಿನ ದಖ್ನಿ ಮಾತು ಇಲ್ಲಿ ಕನ್ನಡದ ಜೊತೆ ಬೆರೆತಿದೆ.' 'ನಕ್ಕೋ' ಅನ್ನುವ ಕಡೆ 'ಬೇಡ' ಎಂದು ತಿದ್ದುವುದಿಲ್ಲ ಎಂದೂ ಖಾಲಾ ಸೇರಿಸಿದರು. ದೀಪಾ ಭಾಸ್ತಿ ಅವರು ಇಂಗ್ಲಿಷಿನಲ್ಲೇ ಉರ್ದು, ಅರಬಿ, ಕನ್ನಡದ ಪದಗಳನ್ನು ಅಡಿಟಿಪ್ಪಣಿ ಇಲ್ಲದೆ ಹಾಗೇ ಉಳಿಸಿದ್ದಾರೆ. ನಮ್ಮ ಕನ್ನಡದಲ್ಲಿ ನಮ್ಮ ಮಾತಿಗೆ ಜಾಗ ಇಲ್ಲವೇ?

ಪತ್ರದ ಕೊನೆಗೆ ಇನ್ನೊಂದು ಸಾಲು ಇದೆ. ಅದರಲ್ಲಿ ಸಾರಾ, ಬಾನು, ಬೊಳುವಾರು ಮೂವರ ಹೆಸರೂ ಇವೆ, ಹೋಲಿಕೆಯಾಗಿ ಅಲ್ಲ, ಕೃತಜ್ಞತೆಯಾಗಿ. ಉಮ್ಮ, ನಮಾಜ್, ಇದ್ದತ್, ಮಹರ್ ಎಂಬ ಪದಗಳನ್ನು ಕನ್ನಡದ ಓದುಗರಿಗೆ ಪರಿಚಯ ಮಾಡಿಸಿದವರಲ್ಲಿ ಅವರು ದೊಡ್ಡವರು. ಅವರು ಮೊದಲು ಬರೆದದ್ದರಿಂದ ಖಾಲಾಗೆ ಈಗ ಅಡಿಟಿಪ್ಪಣಿ ಬೇಕಿಲ್ಲ, ಮೊಳೆ ಹೊಡೆಯಲು ಹೆದರುವ ಅಮ್ಮನ ಬಗ್ಗೆ ನೇರವಾಗಿ ಬರೆಯಬಹುದು. ಋಣವೇ ಬೇರೆ, ಹೋಲಿಕೆಯೇ ಬೇರೆ. ಎರಡನ್ನೂ ಒಂದೇ ಮಾಡಿದರೆ ಹಿರಿಯರಿಗೂ ಸಲ್ಲುವುದಿಲ್ಲ, ಹೊಸಬರಿಗೂ ದಕ್ಕುವುದಿಲ್ಲ.

ಪತ್ರವನ್ನು ಮೂರು ಪ್ರಕಾಶಕರಿಗೆ ಕಳಿಸಿ ಐದು ವಾರವಾಯಿತು. ಒಬ್ಬರು ಪೂರ್ತಿ ಹಸ್ತಪ್ರತಿ ಕೇಳಿದ್ದಾರೆ. ಉತ್ತರ ಏನು ಬರುತ್ತದೋ ಗೊತ್ತಿಲ್ಲ. ಹತ್ತನೇ ಅಧ್ಯಾಯ ಮಾತ್ರ ಹೇಗಿತ್ತೋ ಹಾಗೇ ಇದೆ.

ಈಗ ನಮ್ಮ ಕಾಲೇಜಿನ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಬರೆಯುವವರು ಇದ್ದಾರೆ. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ, ಮೊಬೈಲಿನ ನೋಟ್ಸ್‌ನಲ್ಲಿ ಕಥೆ ಬಚ್ಚಿಟ್ಟುಕೊಂಡವರು ನನಗೇ ನಾಲ್ಕು ಜನ ಗೊತ್ತು. ನಾಳೆ ಅವರಲ್ಲಿ ಯಾರಾದರೂ ಪುಸ್ತಕ ಮಾಡಲು ಹೊರಟರೆ ದಾರಿಗಳಿವೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ನಡೆಸಿಕೊಂಡು ಬಂದಿದೆ. ವಸುಧೇಂದ್ರ ಅವರ ಛಂದ ಪುಸ್ತಕ ಹೊಸ ಕಥೆಗಾರರ ಹಸ್ತಪ್ರತಿಗೆ ಬಹುಮಾನ ಕೊಟ್ಟು ಪ್ರಕಟಿಸುತ್ತ ಬಂದಿದೆ. ಆದರೆ ಎಲ್ಲಿಗೆ ಹೋದರೂ 'ಯಾರ ಪೈಕಿ?' ಎಂಬ ಪ್ರಶ್ನೆ ಎದುರಾಗುತ್ತದೆ. ಉತ್ತರ ಹೇಳಲು ಓದಿರಬೇಕು. ಅದೂ ನಮ್ಮವರನ್ನು ಮಾತ್ರ ಓದಿದರೆ ಸಾಲದು, ಎಲ್ಲರನ್ನೂ ಓದಿರಬೇಕು.

ಅದಕ್ಕಾಗಿ ಗ್ರಂಥಪಾಲಕರಲ್ಲಿ, ಕನ್ನಡ ವಿಭಾಗದ ಉಪನ್ಯಾಸಕರಲ್ಲಿ ಒಂದು ವಿನಂತಿ. ಗ್ರಂಥಾಲಯದ ಕೌಂಟರಿನಲ್ಲಿ ಒಂದು ಉದ್ದದ ರಿಜಿಸ್ಟರ್ ಇಡಿ. ಕಥೆ, ಕಾದಂಬರಿ ವಾಪಸ್ ಕೊಡುವ ಪ್ರತಿಯೊಬ್ಬರೂ ಅದರಲ್ಲಿ ಒಂದು ಸಾಲು ಬರೆಯಲಿ: 'ಇದು ಇಷ್ಟವಾದವರು ಇದನ್ನೂ ಓದಿ. ಕಾರಣ ಇದು.' ಕಾರಣ ಬರೆಯುವುದು ಕಡ್ಡಾಯ ಇರಲಿ. 'ಇಬ್ಬರೂ ಮುಸ್ಲಿಂ ಲೇಖಕರು,' 'ಇಬ್ಬರೂ ಲೇಖಕಿಯರು' ಎಂಬ ಕಾರಣಕ್ಕೆ ಅಂಕ ಇಲ್ಲ. ಒಂದು ವರ್ಷದಲ್ಲಿ ಆ ರಿಜಿಸ್ಟರ್ ತುಂಬಿದರೆ, ಇನ್‌ಶಾ ಅಲ್ಲಾಹ್, ಯಾವ ಪುಸ್ತಕ ಯಾವುದಕ್ಕೆ ನೆಂಟ ಎಂಬ ಲೆಕ್ಕ ನಮ್ಮ ಕೈಯಲ್ಲೇ ಇರುತ್ತದೆ. ಹೊರಗಿನವರು ಹೇಳಿಕೊಡುವ ಅಗತ್ಯ ಬೀಳುವುದಿಲ್ಲ.

ಪೆನ್ನನ್ನು ದಾರ ಕಟ್ಟಿ ಇಡಿ, ಯಾರೂ ಒಯ್ಯದ ಹಾಗೆ. ಮೊದಲ ಸಾಲು ನಾನು ಬರೆಯುತ್ತೇನೆ.

— ದ್ವಿತೀಯ ಪಿಯುಸಿ, ಕಲಾ ವಿಭಾಗದ ವಿದ್ಯಾರ್ಥಿನಿ